ಓದುಗರ ಸ್ಪಂದನ: ‘ಗಿರಾಕಿಗೆ ಆಗಲ್ಲ ಅನ್ನೋದು ಹೇಗೆ?’

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರು ತಮ್ಮ ಕಷ್ಟ ಬರೆದುಕೊಂಡಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಜೆಲ್ ಪಾಲಿಶ್ (ಲ್ಯಾಂಪಿನಡಿ ಗಟ್ಟಿಯಾಗುವ ಉಗುರು ಬಣ್ಣ), ನೇಲ್ ಎಕ್ಸ್‌ಟೆನ್ಷನ್ (ಕೃತಕವಾಗಿ ಉಗುರು ಉದ್ದ ಮಾಡುವುದು), ಪೆಡಿಕ್ಯೂರ್ (ಕಾಲಿನ ಆರೈಕೆ) ಮಾಡುತ್ತಾರೆ. ಕೆಲಸ ಇಷ್ಟ, ಗಿರಾಕಿಗಳದ್ದೇ ತಲೆನೋವು. ಇನ್‌ಸ್ಟಾಗ್ರಾಂ ಚಿತ್ರ ತೋರಿಸಿ 800 ರೂಪಾಯಿಗೆ ಅದೇ ಬೇಕು ಅನ್ನುವವರು, 11 ಗಂಟೆಗೆ ಅಂತ ಹೇಳಿ 12ಕ್ಕೆ ಬರುವವರು, ಹಾಕಿಸಿದ ಉಗುರು ಎರಡು ದಿನಕ್ಕೇ ಬಿತ್ತು ಅಂತ ದುಡ್ಡು ವಾಪಸ್ ಕೇಳುವವರು, ಕೊಡದಿದ್ದರೆ ಕೆಟ್ಟ ರಿವ್ಯೂ ಹಾಕುತ್ತೇನೆ ಅಂತ ಹೆದರಿಸುವವರು. ‘ಕಾಲು ಹಿಡಿಯೋ ಕೆಲಸಕ್ಕೆ ಇಷ್ಟು ದುಡ್ಡಾ?’ ಅಂದವರೂ ಇದ್ದಾರಂತೆ. ಊರು ಚಿಕ್ಕದು, ಒಬ್ಬರನ್ನು ಬಿಟ್ಟರೆ ಅವರ ಹಿಂದೆ ಹತ್ತು ಜನ ಹೋಗುತ್ತಾರೆ ಎಂಬ ಭಯ ಅವರದು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ಚಿತ್ರ ತೋರಿಸುವವರು, ಲೇಟಾಗಿ ಬರುವವರು, ದುಡ್ಡು ವಾಪಸ್ ಕೇಳುವವರು, ಎಲ್ಲರನ್ನೂ ನೀವು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಹಾಗೆ ಮಾಡಬೇಡಿ. ಇವರಲ್ಲಿ ಕೆಲವರ ದೂರು ನಿಜವೇ ಇರುತ್ತದೆ.

ಎರಡು ದಿನಕ್ಕೆ ಬಿತ್ತು ಅಂತ ಬಂದವರ ಜೊತೆ ಬಾಗಿಲಲ್ಲೇ ವಾದಕ್ಕೆ ಇಳಿಯಬೇಡಿ. ಕೂರಿಸಿ, ಕೈ ನೋಡಿ. ಉಗುರೇ ಎಲ್ಲ ಹೇಳುತ್ತದೆ. ಕ್ಯುಟಿಕಲ್ (ಉಗುರಿನ ಬುಡದ ಚರ್ಮ) ಕಡೆಯಿಂದ ನಾಲ್ಕೈದು ಬೆರಳಲ್ಲಿ ಎದ್ದಿದ್ದರೆ ಅದು ನಮ್ಮ ಕೆಲಸದ್ದೇ ದೋಷ. ಉಗುರಿಗೆ ಅಂಟಿಕೊಂಡ ತೆಳು ಚರ್ಮ ಪೂರ್ತಿ ಹೋಗಿರುವುದಿಲ್ಲ, ಜಿಡ್ಡು ಉಳಿದಿರುತ್ತದೆ, ಇಲ್ಲಾ ಜೆಲ್ ಚರ್ಮದ ಮೇಲೆ ಹರಿದು ಅಲ್ಲೇ ಗಟ್ಟಿಯಾಗಿರುತ್ತದೆ. ಒಂದೇ ಒಂದು ಬೆರಳು, ಅದೂ ಬಲಗೈ ಹೆಬ್ಬೆರಳೋ ತೋರುಬೆರಳೋ, ತುದಿಯಲ್ಲಿ ಮುರಿದಿದ್ದರೆ ಅದು ಬಳಕೆಯದು. ಡಬ್ಬಿ ಮುಚ್ಚಳ ಎತ್ತಿರುತ್ತಾರೆ, ಬೆಳ್ಳುಳ್ಳಿ ಸುಲಿದಿರುತ್ತಾರೆ, ಪಾತ್ರೆ ತಳ ಕೆರೆದಿರುತ್ತಾರೆ. ನಡುವೆ ಅಡ್ಡಕ್ಕೆ ಬಿರುಕು ಬಿಟ್ಟಿದ್ದರೆ ಉದ್ದ ಜಾಸ್ತಿ ಆಗಿದೆ, ಇಲ್ಲವೇ ಮಧ್ಯದಲ್ಲಿ ದಪ್ಪ ಸಾಲದು. ಬಿದ್ದ ತುಂಡನ್ನೇ ತಂದಿದ್ದರೆ ತಿರುಗಿಸಿ ನೋಡಿ. ಒಳಭಾಗದಲ್ಲಿ ಅವರ ಸ್ವಂತ ಉಗುರಿನ ಬಿಳಿ ಪದರ ಅಂಟಿಕೊಂಡು ಬಂದಿದೆಯಾ? ಹಾಗಿದ್ದರೆ ಅದು ತಾನಾಗಿ ಬಿದ್ದಿಲ್ಲ, ಕೂತು ಕಿತ್ತಿದ್ದಾರೆ.

ಇದನ್ನು ಅವರಿಗೂ ತೋರಿಸಿ ಹೇಳಿ. ‘ಮೇಡಂ, ಇದು ನನ್ನಿಂದ ಆಗಿದ್ದು, ಫ್ರೀಯಾಗಿ ಸರಿ ಮಾಡುತ್ತೇನೆ. ಇದು ತಗುಲಿ ಮುರಿದದ್ದು, ಇದಕ್ಕೆ ಒಂದು ಬೆರಳಿನ ರೇಟ್ ಆಗುತ್ತದೆ.’ ನಮ್ಮ ದೋಷವನ್ನು ನಾವೇ ಮೊದಲು ಹೇಳಿದರೆ ಎರಡನೇ ಮಾತನ್ನು ಅವರು ನಂಬುತ್ತಾರೆ. ನನ್ನಲ್ಲಿ ಐದು ದಿನದೊಳಗೆ ಎದ್ದರೆ ಫ್ರೀ ರಿಪೇರಿ. ದುಡ್ಡು ವಾಪಸ್ ಕೊಡುವ ಪ್ರಸಂಗ ಅಪರೂಪ, ಆದರೆ ಹತ್ತರಲ್ಲಿ ಆರು ಬೆರಳು ಎದ್ದು ಬಂದರೆ ಕೊಡಬೇಕು. ಸುಮ್ನೆ ಜಗ್ಗಾಡಬಾರದು.

ಇನ್ನು ಇನ್‌ಸ್ಟಾಗ್ರಾಂ ಚಿತ್ರ. ಆ ಚಿತ್ರದ ಕೈ ಬೇರೆ, ನಿಮ್ಮ ಮುಂದಿರುವ ಕೈ ಬೇರೆ. ಅಲ್ಲಿ ಉಗುರು ಉದ್ದ, ಕಿರಿದು. ಇಲ್ಲಿ ಅಗಲ, ಗಿಡ್ಡ. ಚಿತ್ರಕ್ಕೆ ಫಿಲ್ಟರ್ ಬೇರೆ ಹಾಕಿರುತ್ತಾರೆ. ‘ಆಗಲ್ಲ’ ಅಂತ ಮೊದಲೇ ಹೇಳಬೇಡಿ. ಚಿತ್ರವನ್ನು ಬಿಡಿಸಿ ಹೇಳಿ. ಎಕ್ಸ್‌ಟೆನ್ಷನ್‌ಗೆ ಇಷ್ಟು, ಕನ್ನಡಿಯಂಥ ಹೊಳಪಿನ ಕ್ರೋಮ್‌ಗೆ ಇಷ್ಟು, 3ಡಿ ಹೂವು ಒಂದಕ್ಕೆ ಇಷ್ಟು, ಸ್ಟೋನ್ ಒಂದಕ್ಕೆ ಇಷ್ಟು, ಒಟ್ಟು ಇಷ್ಟು. ‘ನಿಮ್ಮ 800ಕ್ಕೆ ನಿಮ್ಮ ಉಗುರಿನ ಮೇಲೆಯೇ ಜೆಲ್ ಪಾಲಿಶ್, ಎರಡು ಬೆರಳಿಗೆ ಈ ಡಿಸೈನ್, ಉಳಿದ ಎಂಟಕ್ಕೆ ಒಂದೇ ಬಣ್ಣ ಆಗುತ್ತದೆ. ಮಾಡೋಣವಾ?’ ಅಂತ ಕೇಳಿ. ಮುಕ್ಕಾಲು ಜನ ಇದಕ್ಕೆ ಒಪ್ಪುತ್ತಾರೆ. ಕಾಲು ಭಾಗ ಎದ್ದು ಹೋಗುತ್ತಾರೆ, ಹೋಗಲಿ ಬಿಡಿ, ಅವರು ಎರಡು ಗಂಟೆ ಕೂತು ಕೊನೆಗೆ ಬಿಲ್ ನೋಡಿ ಕೂಗಾಡುವುದಕ್ಕಿಂತ ಅದೇ ವಾಸಿ.

ಬಣ್ಣದ ಜಗಳ ತಪ್ಪಿಸಲು ಒಂದು ಉಪಾಯ ಇದೆ. ಪ್ಲಾಸ್ಟಿಕ್ ಟಿಪ್ (ಕೃತಕ ಉಗುರು) ಮೇಲೆ ಬಣ್ಣ ಹಚ್ಚಿ, ಲ್ಯಾಂಪಿಗೆ ಇಟ್ಟು, ಅವರ ಉಗುರಿನ ಮೇಲಿಟ್ಟು ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ತೋರಿಸಿ. ಟೇಬಲ್ ಲೈಟಿನಲ್ಲಿ ತಿಳಿ ಗುಲಾಬಿಯಾಗಿ ಕಂಡದ್ದು ಬೀದಿಗೆ ಹೋದ ಮೇಲೆ ನೇರಳೆ ಹೊಡೆಯುತ್ತದೆ. ಆಕಾರ, ಉದ್ದ ಎರಡನ್ನೂ ಒಂದು ಬೆರಳಿಗೆ ಮಾಡಿ ಒಪ್ಪಿಗೆ ತೆಗೆದುಕೊಂಡು ಮುಂದಿನ ಬೆರಳಿಗೆ ಹೋಗಿ. ಟಾಪ್ ಕೋಟ್ (ಕೊನೆಯ ಪದರ) ಹಾಕುವ ಮುಂಚೆ ಇನ್ನೊಮ್ಮೆ ಕೇಳಿ. ಟಾಪ್ ಕೋಟ್ ಆದ ಮೇಲೆ ಬದಲಿಸಿದರೆ ಚಾರ್ಜ್ ಆಗುತ್ತದೆ ಅಂತ ಆಗಲೇ ಹೇಳಿ.

ಅಡ್ವಾನ್ಸ್ 200 ರೂಪಾಯಿ ಯುಪಿಐನಲ್ಲಿ ತೆಗೆದುಕೊಳ್ಳಿ, ಬಿಲ್ಲಿನಲ್ಲಿ ಕಳೆಯಿರಿ. ಹದಿನೈದು ನಿಮಿಷ ತಡವಾದರೆ ಡಿಸೈನ್ ಕಮ್ಮಿ, ಅರ್ಧ ಗಂಟೆ ತಡವಾದರೆ ಬೇರೆ ದಿನ. ಅಡ್ವಾನ್ಸ್ ಕೇಳಲು ಶುರು ಮಾಡಿದ ತಿಂಗಳು ನನಗೆ ಗಿರಾಕಿ ಕಮ್ಮಿಯಾಗಿದ್ದು ನಿಜ. ಆದರೆ ದಾರಿ ನೋಡುತ್ತಾ ಕೂರುವುದು ನಿಂತಿತು. ಇನ್ನೊಂದು, ಪೇಮೆಂಟ್ ಆಯಿತು ಅಂತ ಮೊಬೈಲಿನ ಸ್ಕ್ರೀನ್ ತೋರಿಸಿದ ಮಾತ್ರಕ್ಕೆ ಬಿಡಬೇಡಿ. ನಿಮ್ಮ ಫೋನಿಗೆ ಮೆಸೇಜ್ ಬರಲಿ, ಇಲ್ಲಾ ಸೌಂಡ್‌ಬಾಕ್ಸ್ ಕೂಗಲಿ.

– ನೇಲ್ ಟೆಕ್ನಿಶಿಯನ್, ಬೆಂಗಳೂರು

*

ನಾನು ಲೇಡೀಸ್ ಟೇಲರ್. ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡ್ರಿ. ಮೊಬೈಲಿನಾಗ ಬ್ಲೌಸ್ ತೋರಿಸಿ ‘ಇದೇ ಬೇಕು’ ಅನ್ನೋರು ನಮಗೂ ಅದಾರ. ನಾನು ಕತ್ತರಿ ಹಾಕೋ ಮುಂಚೆ ಚೀಟಿ ಬರೀತೀನಿ. ತೋಳು ಎಷ್ಟು, ಬೆನ್ನು ಎಷ್ಟು, ರೊಕ್ಕ ಎಷ್ಟು. ಕೆಳಗ ಅವರ ಸಹಿ. ಸಹಿ ಅಂದರೆ ಕೋರ್ಟಿಗೆ ಅಲ್ಲ, ನೆನಪಿಗೆ. ‘ನಾನು ಹಂಗ ಹೇಳಿದ್ದಿಲ್ಲ’ ಅನ್ನೋ ಮಾತು ಅರ್ಧ ನಿಂತೇ ಹೋತು.

ಮ್ಯಾಲಿನ ಅಕ್ಕಾರಂಗ ನಾನೂ ರಿಪೇರಿ ಫ್ರೀ ಮಾಡ್ತೀನಿ, ಆದರ ಒಂದೇ ಸಲ. ಎರಡನೇ ಸಲ ಅದೇ ಬ್ಲೌಸ್ ತಂದರ ಕೈ ಮುಗಿದು ‘ನಮ್ಮ ಕೈಗೆ ನಿಮ್ಮ ಅಳತಿ ಹತ್ತವಲ್ದು, ಬ್ಯಾರೆ ಕಡೆ ನೋಡ್ರಿ’ ಅಂತೀನಿ. ಸಿಟ್ಟಿನಿಂದ ಅಲ್ಲ, ನಕ್ಕೊಂತ ಹೇಳಬೇಕು. ಹತ್ತು ಜನರನ್ನು ಕರ್ಕೊಂಡು ಹೋಗ್ತಾರ ಅಂತೀರಲ್ಲ, ಅಂಥೋರ ಸುದ್ದಿ ಆ ಹತ್ತು ಮಂದಿಗೂ ಗೊತ್ತಿರತೈತಿ.

– ಟೇಲರ್, ಹುಬ್ಬಳ್ಳಿ

*

ಇದು ಕುರ್ಚಿಯ ಈ ಕಡೆಯಿಂದ. ನಾನು ಗಿರಾಕಿ.

ಎಲ್ಲರೂ ಗಿರಾಕಿಗಳನ್ನೇ ಬೈಯುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನನ್ನೂರಿನ ಒಂದು ಸಲೂನಿನಲ್ಲಿ ಬೋರ್ಡ್ ಮೇಲೆ ‘ಎಕ್ಸ್‌ಟೆನ್ಷನ್ 999’ ಅಂತ ಇತ್ತು. ಕೂತೆ. ಎದ್ದಾಗ ಬಿಲ್ 2,300. ಹಳೆಯದನ್ನು ತೆಗೆದದ್ದಕ್ಕೆ ಬೇರೆ, ಬಣ್ಣಕ್ಕೆ ಬೇರೆ, ಶೇಪ್‌ಗೆ ಬೇರೆ. ಬಣ್ಣವೇ ಇಲ್ಲದ ಉಗುರನ್ನು ಯಾರು ಹಾಕಿಸಿಕೊಳ್ಳುತ್ತಾರೆ ಹೇಳಿ? ಅವತ್ತು ನಾನು ಜೋರಾಗಿಯೇ ಮಾತಾಡಿದೆ. ಆ ಹುಡುಗಿಯ ಕಣ್ಣಿಗೆ ನಾನು ಕಷ್ಟದ ಗಿರಾಕಿ. ಪಾಪ, ರೇಟ್ ಹಾಕಿದ್ದು ಅವಳಲ್ಲ, ಮಾಲೀಕರು. ಆದರೂ ಕೂರುವ ಮುಂಚೆ ಹೇಳಬಹುದಿತ್ತು ಅಲ್ವಾ?

ಇನ್ನೊಂದು ನೋವಿನ ವಿಷಯ. ಉಗುರು ಉಜ್ಜುವ ಡ್ರಿಲ್ ಮಷಿನ್ ಒಂದೇ ಜಾಗದಲ್ಲಿ ನಿಂತರೆ ಉಗುರು ಸುಡುತ್ತದೆ. ಲ್ಯಾಂಪಿನ ಒಳಗೆ ದಪ್ಪ ಜೆಲ್ ಗಟ್ಟಿಯಾಗುವಾಗಲೂ ಒಮ್ಮೆಲೇ ಬಿಸಿ ಏರುತ್ತದೆ. ಮೊದಲ ಸಲ ಆದಾಗ ನಾನು ಕೈ ಎಳೆದುಕೊಂಡೆ, ಡಿಸೈನ್ ಹಾಳಾಯಿತು, ‘ಅಲುಗಾಡಬೇಡಿ ಮೇಡಂ’ ಅಂತ ಗದರಿಸಿದರು. ಈಗ ಹೋಗುವ ಕಡೆ ಆ ಹುಡುಗಿ ಮುಂಚೆಯೇ ಹೇಳುತ್ತಾಳೆ, ‘ಸ್ವಲ್ಪ ಬಿಸಿ ಅನ್ನಿಸಿದರೆ ಕೈ ಹೊರಗೆ ತೆಗೆಯಿರಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಇಡಿ.’ ಅಷ್ಟೇ. ನಾನು ಅವಳಿಗೆ ಒಳ್ಳೆಯ ಗಿರಾಕಿ. ಮನುಷ್ಯಳು ಅದೇ.

ಮತ್ತೆ, ಕೆಲಸ ಮಾಡುತ್ತಾ ಮಧ್ಯೆ ಮಧ್ಯೆ ಫೋನ್ ಎತ್ತುವುದು ಬಿಡಿ ತಾಯಿ. ನಾವು ಎರಡೂ ಕೈ ನಿಮಗೆ ಕೊಟ್ಟು ಕೂತಿರುತ್ತೇವೆ. ಮೂಗು ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ.

– ಕಾಲೇಜು ಉಪನ್ಯಾಸಕಿ, ಮೈಸೂರು

*

ಚರ್ಮವೈದ್ಯೆಯಾಗಿ ನಾನು ಹೇಳುವುದು ಸ್ವಲ್ಪ ಬೇರೆ. ಗಲಾಟೆ ಮಾಡುವ ಗಿರಾಕಿಗಿಂತ ಅಪಾಯದ ಗಿರಾಕಿ ‘ಏನೂ ಆಗಲ್ಲ, ಮಾಡಿ’ ಅನ್ನುವವರು.

ಉಗುರಿನ ಸುತ್ತ ಕೆಂಪಾಗಿ ತುರಿಕೆ ಇದೆ, ಸಣ್ಣ ಗುಳ್ಳೆ ಇದೆ, ಆದರೂ ನಾಳೆ ಮದುವೆ ಇದೆ ಅಂತ ಬರುತ್ತಾರೆ. ಹಲವು ಜೆಲ್‌ಗಳಲ್ಲಿ ಹೆಚ್‌ಇಎಂಎ ಅಂತ ಒಂದು ರಾಸಾಯನಿಕ ಇರುತ್ತದೆ. ಅದು ಸರಿಯಾಗಿ ಗಟ್ಟಿಯಾಗದೆ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನಪೂರ್ತಿ. ಬೆರಳಿನಲ್ಲಷ್ಟೇ ಅಲ್ಲ, ಕಣ್ಣಿನ ರೆಪ್ಪೆ, ಕುತ್ತಿಗೆಯಲ್ಲೂ ಕಾಣಿಸುತ್ತದೆ, ಯಾಕೆಂದರೆ ಆ ಬೆರಳು ಅಲ್ಲೆಲ್ಲ ಮುಟ್ಟುತ್ತದೆ. ಮುಂದೆ ಹಲ್ಲಿನ ಚಿಕಿತ್ಸೆಯಲ್ಲಿ ಬಳಸುವ ಕೆಲವು ವಸ್ತುಗಳಿಗೂ ತೊಂದರೆ ಆಗಬಹುದು. ಯುರೋಪಿನಲ್ಲಿ ಹೆಚ್‌ಇಎಂಎ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಪರರು ಮಾತ್ರ ಬಳಸಬೇಕು ಅಂತ ನಿಯಮ ಇದೆ. ಜೆಲ್ ಗಟ್ಟಿಯಾಗಲು ಸೇರಿಸುವ ಟಿಪಿಒ ಅನ್ನುವ ಇನ್ನೊಂದು ರಾಸಾಯನಿಕವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದ್ದಾರೆ. ನೀವು ಬಾಟಲಿ ಕೊಳ್ಳುವಾಗ ಈ ಎರಡು ಹೆಸರು ಇವೆಯಾ ನೋಡಿ. ಗಿರಾಕಿಯ ಕೈಗಿಂತ ನಿಮ್ಮ ಕೈಗೆ ಇದು ದಿನವೂ ತಾಗುತ್ತದೆ, ನೆನಪಿರಲಿ. ಗ್ಲೌಸ್ ಹಾಕಿಕೊಳ್ಳಿ, ಜೆಲ್ ತಾಗಿದ ಕೂಡಲೇ ಬದಲಿಸಿ. ಮಾಸ್ಕ್ ಕೂಡ ಇರಲಿ, ಫೈಲ್ ಮಾಡಿದ ಪುಡಿ ಮೂಗಿಗೆ ಹೋಗುತ್ತದೆ.

ಉಗುರು ಎದ್ದು, ಸಂದಿಯಲ್ಲಿ ನೀರು ನಿಂತು, ಹಸಿರು ಕಲೆ ಬಂದಿದ್ದರೆ ಅದು ಸಾಮಾನ್ಯವಾಗಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಅದರ ಮೇಲೆ ಕಪ್ಪು ಪಾಲಿಶ್ ಹಚ್ಚಿ ಮುಚ್ಚಿ ಅಂತ ಕೇಳುವವರಿದ್ದಾರೆ. ಬೇಡ. ಉಗುರು ದಪ್ಪಗೆ, ಹಳದಿಯಾಗಿ, ಪುಡಿಪುಡಿಯಾಗಿದ್ದರೆ ಫಂಗಸ್ ಇರಬಹುದು, ಸೋರಿಯಾಸಿಸ್ ಕೂಡ ಇರಬಹುದು. ನೀವು ಹೆಸರು ಹೇಳಲು ಹೋಗಬೇಡಿ. ‘ಮೊದಲು ಸ್ಕಿನ್ ಡಾಕ್ಟರಿಗೆ ತೋರಿಸಿ, ಅವರು ಸರಿ ಅಂದರೆ ನಾನು ಮಾಡುತ್ತೇನೆ’ ಅನ್ನಿ. ಜಗಳ ನಿಮ್ಮದಲ್ಲ, ಡಾಕ್ಟರದ್ದಾಗುತ್ತದೆ. ಬೈದರೆ ನಮ್ಮನ್ನೇ ಬೈಯಲಿ, ನಮಗೆ ಅಭ್ಯಾಸವಾಗಿದೆ.

ಸಕ್ಕರೆ ಕಾಯಿಲೆ ಇದೆಯಾ ಅಂತ ಪೆಡಿಕ್ಯೂರ್ ಮುಂಚೆ ಕೇಳಲೇಬೇಕು. ಇದ್ದರೆ ಕ್ಯುಟಿಕಲ್ ಕತ್ತರಿಸಬೇಡಿ, ಬಿಸಿನೀರಿನಲ್ಲಿ ಕಾಲು ನೆನೆಸಬೇಡಿ. ಅವರಿಗೆ ಬಿಸಿಯೂ ಗೊತ್ತಾಗದೆ ಇರಬಹುದು, ಗಾಯವೂ ಗೊತ್ತಾಗದೆ ಇರಬಹುದು. ಆಪರೇಷನ್ ಅಥವಾ ಹೆರಿಗೆ ಹತ್ತಿರ ಇರುವವರಿಗೆ ಎಕ್ಸ್‌ಟೆನ್ಷನ್ ಮುಂದೂಡಿ ಅನ್ನಿ, ಆಮ್ಲಜನಕ ಅಳೆಯುವ ಕ್ಲಿಪ್ ಬೆರಳಿಗೆ ಹಾಕುತ್ತಾರೆ, ಆ ಉಗುರು ಅದಕ್ಕೆ ಅಡ್ಡ ಬರಬಹುದು. ನರ್ಸ್‌ಗಳಿಗೆ ಕೃತಕ ಉಗುರು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

‘ನೀವು ನನ್ನ ಉಗುರು ಹಾಳು ಮಾಡಿದಿರಿ’ ಅಂತ ಬರುವವರಿಗೆ ಒಂದು ಲೆಕ್ಕ ಹೇಳಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು. ಯಾವ ಎಣ್ಣೆಯೂ ಅದನ್ನು ವಾರದಲ್ಲಿ ಸರಿ ಮಾಡುವುದಿಲ್ಲ. ಆದ್ದರಿಂದಲೇ ತೆಗೆಯುವಾಗ ಅವಸರ ಮಾಡಬಾರದು. ಅಸಿಟೋನ್‌ನಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೆಗೆಯಿರಿ. ‘ಬೇಗ ಕಿತ್ತುಬಿಡಿ, ಆಟೋ ಕಾಯುತ್ತಿದೆ’ ಅಂದರೆ ಆಟೋ ಕಳಿಸಿ ಅನ್ನಿ.

– ಚರ್ಮವೈದ್ಯೆ, ಮಂಗಳೂರು

*

ನೀವು ಬರೆಯದೇ ಬಿಟ್ಟ ಒಂದು ಜಾತಿ ಗಿರಾಕಿ ಇದೆ. ನೆಂಟರು.

‘ನಮ್ಮ ಹುಡುಗೀನೇ ಅಲ್ವಾ, ದುಡ್ಡು ಏನು ಕೇಳೋದು’ ಅಂತ ಅತ್ತೆಯ ತಂಗಿ ಬರುತ್ತಾರೆ. ಜೊತೆಗೆ ಅವರ ಮಗಳು, ಮಗಳ ಗೆಳತಿ. ನಾನು ಪಾರ್ಲರ್ ಶುರು ಮಾಡಿದ ಮೇಲೆ ನಮ್ಮ ಮನೆಗೆ ನೆಂಟರು ಬರುವುದು ಹೆಚ್ಚಾಯಿತು ಅಂತ ನಮ್ಮೆಜಮಾನರು ಈಗಲೂ ಕಿಚಾಯಿಸುತ್ತಾರೆ. ಪೂರ್ತಿ ಬೇಡ ಅನ್ನಲು ಆಗುವುದಿಲ್ಲ, ಸಂಬಂಧ ಕೆಡುತ್ತದೆ. ನಾನು ಮಾಡಿದ್ದು ಇಷ್ಟು. ಸಾಮಾನಿನ ದುಡ್ಡು ಮಾತ್ರ ತಗೊಳ್ಳುತ್ತೇನೆ, ಕೂಲಿ ಬಿಟ್ಟಿದ್ದೇನೆ ಅಂತ ಬಾಯಿಬಿಟ್ಟು ಹೇಳುತ್ತೇನೆ. ‘ಚಿಕ್ಕಮ್ಮ, ಟಿಪ್ಸ್, ಜೆಲ್, ಗಮ್ ಎಲ್ಲ ಸೇರಿ ನನಗೇ 350 ಬೀಳುತ್ತದೆ, ಅದನ್ನು ಕೊಡಿ ಸಾಕು.’ ಕೊಟ್ಟವರು ಕೊಟ್ಟರು, ಕೊಡದವರು ಮತ್ತೆ ಬರಲಿಲ್ಲ. ಹಬ್ಬದಲ್ಲಿ ಸಿಕ್ಕರೆ ಮಾತಾಡುತ್ತಾರೆ. ಮಗಳ ಗೆಳತಿಗೆ ಮಾತ್ರ ಪೂರ್ತಿ ರೇಟ್, ಅದರಲ್ಲಿ ಸಂಕೋಚ ಬೇಡ. ಇವೆಲ್ಲ ಶನಿವಾರ, ಭಾನುವಾರ ಬೇಡ. ಮಂಗಳವಾರ ಮಧ್ಯಾಹ್ನ ಬನ್ನಿ ಅನ್ನಿ.

ಮದುವೆ ಹೆಣ್ಣುಗಳ ವಿಷಯ ಮಾತ್ರ ಗಟ್ಟಿಯಾಗಿ ಇರಿ. ಅಲ್ಲಿ ಹುಡುಗಿ ಒಂದು ಹೇಳುತ್ತಾಳೆ, ಅಕ್ಕ ಇನ್ನೊಂದು, ಹುಡುಗನ ಕಡೆಯವರು ಫೋನಿನಲ್ಲಿ ಮತ್ತೊಂದು. ಒಬ್ಬರ ಮಾತು ಮಾತ್ರ ಕೇಳುತ್ತೇನೆ, ಯಾರದ್ದು ಅಂತ ನೀವೇ ಹೇಳಿ ಅಂತ ಶುರುವಿನಲ್ಲೇ ಕೇಳಿ. ಮೆಹೆಂದಿ ಯಾವತ್ತು ಅಂತಲೂ ಕೇಳಿ. ಮೆಹೆಂದಿ ಕಡುವಾಗಲಿ ಅಂತ ನೀಲಗಿರಿ ಎಣ್ಣೆ, ಲವಂಗದ ಎಣ್ಣೆ ಎಲ್ಲ ಹಚ್ಚಿಕೊಂಡು, ರಾತ್ರಿಯಿಡೀ ಹಾಗೇ ಇದ್ದು, ಬೆಳಿಗ್ಗೆ ಬಂದು ಕೂರುತ್ತಾರೆ. ಆ ಜಿಡ್ಡು ಪೂರ್ತಿ ತೆಗೆಯದೆ ಹಾಕಿದ ಉಗುರು ಮುಹೂರ್ತಕ್ಕೇ ಏಳುತ್ತದೆ. ಬೈಗುಳ ಮಾತ್ರ ನಿಮಗೆ. ಅರಿಶಿನ ಶಾಸ್ತ್ರ ಮುಗಿದ ಮೇಲೆ ಬನ್ನಿ ಅನ್ನಿ, ಇಲ್ಲದಿದ್ದರೆ ಬಿಳಿ ಫ್ರೆಂಚ್ ತುದಿ ಹಳದಿ ಆಗುತ್ತದೆ. ಅಡುಗೆ ಮನೆಯಲ್ಲೂ ಅಷ್ಟೇ, ಅರಿಶಿನ ಮುಟ್ಟುವವರಿಗೆ ತಿಳಿ ಬಣ್ಣ ಕೊಡುವ ಮುಂಚೆ ಒಂದು ಮಾತು ಹೇಳಿ.

ಬೇರೆಯವರ ಮನೆಗೆ ಹೋಗಿ ಮಾಡುವುದಾದರೆ ಲೊಕೇಶನ್ ಮನೆಯವರಿಗೆ ಕಳಿಸಿ ಹೋಗಿ. ಮೊದಲ ಸಲದ ಗಿರಾಕಿ ಆದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ಬರೀ ಗಂಡಸರಿದ್ದರೆ ಒಳಗೇ ಹೋಗಬೇಡಿ, ಅಡ್ವಾನ್ಸ್ ಹೋದರೆ ಹೋಗಲಿ. ಇದಕ್ಕೆ ಕಾರಣ ಹೇಳುವ ಅಗತ್ಯವೂ ಇಲ್ಲ.

– ಬ್ಯೂಟಿ ಪಾರ್ಲರ್ ನಡೆಸುವವರು, ಶಿವಮೊಗ್ಗ

*

‘ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇನೆ’ ಅಂದರೆ ಹೆದರಬೇಡಿ, ಹಾಗಂತ ಉಡಾಫೆಯೂ ಬೇಡ. ಹೋಗಲು ಅವರಿಗೆ ಹಕ್ಕಿದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ನಿಮ್ಮ ಕೆಲಸವೂ ‘ಸೇವೆ’ಯೇ. ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಸೇವೆಯಲ್ಲಿ ಕೊರತೆ ಇತ್ತು ಅಂತ ತೋರಿಸಬೇಕಾದವರು ಅವರು. ನಿಮ್ಮ ಹತ್ತಿರ ಕೆಲಸದ ಮುಂಚೆ ಮತ್ತು ಮುಗಿದ ಮೇಲಿನ ಫೋಟೊ, ದಿನಾಂಕ, ವಾಟ್ಸ್ಆ್ಯಪ್ ಮಾತುಕತೆ ಇದ್ದರೆ ಅರ್ಧ ಧೈರ್ಯ. ಫೋಟೊ ದಾಖಲೆಗೆ ಬೇರೆ, ಇನ್‌ಸ್ಟಾಗ್ರಾಂಗೆ ಬೇರೆ. ಹಾಕುವ ಮುಂಚೆ ಕೇಳಿ ಹಾಕಿ.

ಗೋಡೆ ಮೇಲೆ ‘ಹಣ ವಾಪಸ್ ಇಲ್ಲ’ ಅಂತ ಬೋರ್ಡ್ ಹಾಕಿ ನೆಮ್ಮದಿಯಾಗಿ ಇರುತ್ತೇವೆ ಅಂದುಕೊಂಡವರು ತುಂಬಾ ಜನ. ಅದು ನಿಮ್ಮನ್ನು ಕಾಯುವುದಿಲ್ಲ. ಸೇವೆ ಸರಿಯಿಲ್ಲದಿದ್ದರೆ ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಬರೆಯದಿದ್ದರೆ 30 ದಿನದೊಳಗೆ ಹಣ ಹಿಂದಿರುಗಿಸಲು ಒಪ್ಪದಿರುವುದು ಆ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದ್ದರಿಂದ ಒಂದು ಬಿಲ್ ಪುಸ್ತಕ ಮಾಡಿಸಿ, ‘ದೂರು ಇದ್ದರೆ 5 ದಿನದೊಳಗೆ ತಿಳಿಸಿ’ ಅಂತ ಅದರಲ್ಲೇ ಅಚ್ಚು ಹಾಕಿಸಿ. ಬೆಂಗಳೂರಿನ ಸೋದರಿ ಬಾಯಲ್ಲಿ ಹೇಳುವ ಐದು ದಿನ ಕಾಗದದ ಮೇಲೆ ಬಂದರೆ ಬೆಲೆ ಜಾಸ್ತಿ.

ರಿವ್ಯೂ ಬಗ್ಗೆ. ನಿಜವಾದ ಅಸಮಾಧಾನ ಬರೆದರೆ ತಡೆಯಲು ಆಗುವುದಿಲ್ಲ, ತಡೆಯಬಾರದು. ಒಂದೇ ಉತ್ತರ ಬರೆಯಿರಿ. ಇಂಥ ದಿನ ಬಂದಿದ್ದಿರಿ, ಇಂಥ ದಿನ ದೂರು ಹೇಳಿದಿರಿ, ರಿಪೇರಿಗೆ ಕರೆದೆ. ಅಷ್ಟು ಸಾಕು, ಮುಂದೆ ಓದುವವರಿಗೆ ಅರ್ಥವಾಗುತ್ತದೆ. ದುಡ್ಡು ಕೊಡದಿದ್ದರೆ ಸುಳ್ಳು ರಿವ್ಯೂ ಹಾಕುತ್ತೇನೆ ಅಂತ ಮೆಸೇಜ್ ಕಳಿಸಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸಬೇಡಿ.

ಇತ್ತೀಚೆಗೆ ಹೊಸದೊಂದು ಶುರುವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ, ‘ನೀವು ಯಾಕೆ ರೇಟ್ ಇಳಿಸಿಲ್ಲ’ ಅಂತ ಮನೆಯಲ್ಲಿ ಕೆಲಸ ಮಾಡುವವರನ್ನೂ ಕೇಳುತ್ತಾರೆ. ವರ್ಷದ ವಹಿವಾಟು 20 ಲಕ್ಷ ದಾಟದೆ, ನೀವು ಜಿಎಸ್‌ಟಿ ನೋಂದಣಿ ಮಾಡಿಸದೆ ಇದ್ದರೆ ನೀವು ಆ ತೆರಿಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ, ಇಳಿಸುವುದೇನು? ಸಮಾಧಾನದಿಂದ ಹೇಳಿ.

– ವಕೀಲರು, ಧಾರವಾಡ

*

ನಾನಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಊರು ಹಾಸನದ ಕಡೆ. ಇಲ್ಲಿ ನೇಲ್ ಕೆಲಸಕ್ಕೆ ಲೈಸೆನ್ಸ್ ಬೇಕು, 250 ಗಂಟೆ ತರಬೇತಿ ಮುಗಿಸಬೇಕು. ನಾನೂ ಮುಗಿಸಿ ಕೆಲಸ ಮಾಡುತ್ತಿದ್ದೇನೆ. ಲೈಸೆನ್ಸ್ ಗೋಡೆ ಮೇಲೆ ತೂಗುಹಾಕಿದ್ದರೂ ಗಿರಾಕಿಗಳು ನಿಮ್ಮ ದಾವಣಗೆರೆಯವರ ಹಾಗೇ ಇದ್ದಾರೆ, ಇಂಗ್ಲಿಷಿನಲ್ಲಿ ಜಗಳ ಮಾಡುತ್ತಾರೆ ಅನ್ನುವುದೊಂದೇ ವ್ಯತ್ಯಾಸ.

ಒಂದು ವಿಷಯ ಇಲ್ಲಿ ಕಲಿತೆ. ಬುಕ್ ಮಾಡುವಾಗಲೇ ಕಾರ್ಡ್ ನಂಬರ್ ತೆಗೆದುಕೊಳ್ಳುತ್ತಾರೆ, ಬರದಿದ್ದರೆ ಚಾರ್ಜ್ ಹಾಕುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮೂರಲ್ಲಿ ಅಡ್ವಾನ್ಸ್ ಕೇಳಿದರೆ ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಅನ್ನುತ್ತಾರೆ, ಗೊತ್ತು. ಹಾಗೆ ಅಂದರೆ ‘ನಂಬಿಕೆ ಇದೆ ಅಕ್ಕ, ಆ ಹೊತ್ತಿಗೆ ಬೇರೆಯವರನ್ನು ಬೇಡ ಅಂದಿರುತ್ತೇನೆ, ಅದಕ್ಕೆ’ ಅನ್ನಿ.

ಬೇರೆ ಕಡೆ ಹಾಕಿಸಿದ ಉಗುರನ್ನು ತಂದು ‘ಇದರ ಮೇಲೆ ರಿಫಿಲ್ ಮಾಡಿ, ಬುಡದಲ್ಲಿ ಬೆಳೆದ ಜಾಗ ಮಾತ್ರ ತುಂಬಿ’ ಅನ್ನುವವರನ್ನು ನಾನು ಒಪ್ಪುವುದೇ ಇಲ್ಲ. ಅದರೊಳಗೆ ಏನಿದೆ ಗೊತ್ತಿಲ್ಲ. ಅಗ್ಗದ ಕೆಲವು ಅಕ್ರಿಲಿಕ್ ಉಗುರುಗಳಲ್ಲಿ ಎಂಎಂಎ ಅನ್ನುವ ರಾಸಾಯನಿಕ ಇರುತ್ತದೆ, ಅಸಿಟೋನ್‌ಗೂ ಸುಲಭಕ್ಕೆ ಕರಗುವುದಿಲ್ಲ, ಎಳೆದರೆ ಉಗುರೇ ಬರುತ್ತದೆ. ತೆಗೆದು ಹೊಸದಾಗಿ ಮಾಡುತ್ತೇನೆ, ಇಲ್ಲಾ ಮಾಡಿದವರ ಹತ್ತಿರವೇ ಹೋಗಿ ಅನ್ನುತ್ತೇನೆ. ಬೇರೆಯವರ ಕೆಲಸ ನಮ್ಮ ಕೈಯಲ್ಲಿ ಬಿದ್ದರೆ ಹೆಸರು ಕೆಡುವುದು ನಮ್ಮದು.

– ನೇಲ್ ಟೆಕ್ನಿಶಿಯನ್, ನ್ಯೂಯಾರ್ಕ್

*

ಎಲ್ಲರೂ ರೇಟು, ರಿಪೇರಿ, ಬಿಲ್ ಬಗ್ಗೆ ಬರೆದಿರುತ್ತಾರೆ ಅಂತ ಗೊತ್ತು. ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಆ ‘ಕಾಲು ಹಿಡಿಯೋ ಕೆಲಸ’ ಅನ್ನುವ ಮಾತು.

ನಾನು ಪೆಡಿಕ್ಯೂರ್ ಮಾಡುವವಳು. ಕಾಲು ಚಾಚಿ, ಫೋನಿನಲ್ಲಿ ಮಾತಾಡುತ್ತಾ, ನನ್ನ ಮುಖ ಕೂಡ ನೋಡದೆ ‘ಏಯ್, ಹಿಮ್ಮಡಿ ಉಜ್ಜು’ ಅಂದವರಿದ್ದಾರೆ. ‘ನೀವು ಯಾವ ಪೈಕಿ?’ ಅಂತ ಕಾಲು ನನ್ನ ಮಡಿಲಲ್ಲಿಟ್ಟುಕೊಂಡೇ ಕೇಳಿದವರೂ ಇದ್ದಾರೆ. ಇಂಥವರಿಗೆ ರೇಟ್ ಕಾರ್ಡು, ಸಹಿ, ಅಡ್ವಾನ್ಸ್ ಯಾವುದೂ ಔಷಧಿ ಅಲ್ಲ. ಟೇಲರಣ್ಣ ನಕ್ಕು ಹೇಳಿ ಅನ್ನುತ್ತಾರೆ. ನನಗೆ ನಗು ಬರುವುದಿಲ್ಲ, ಕ್ಷಮಿಸಿ.

ನಾನು ಕೆಲಸ ನಿಲ್ಲಿಸುತ್ತೇನೆ. ಕೂಗುವುದಿಲ್ಲ. ಟವೆಲ್‌ನಿಂದ ಅವರ ಕಾಲು ಒರೆಸಿ ಕೆಳಗಿಡುತ್ತೇನೆ, ಗ್ಲೌಸ್ ತೆಗೆಯುತ್ತೇನೆ. ‘ಬನ್ನಿ, ಹೋಗಿ ಅಂತ ಮಾತಾಡಿಸಿದರೆ ಮುಂದುವರಿಸುತ್ತೇನೆ. ಇಲ್ಲದಿದ್ದರೆ ಇಲ್ಲಿಯವರೆಗಿನ ದುಡ್ಡು ಬೇಡ, ಹೊರಡಿ’ ಅನ್ನುತ್ತೇನೆ. ದುಡ್ಡು ಬೇಡ ಅಂದದ್ದು ಕೇಳಿ ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ, ಸರಿ ಹೋಗುತ್ತಾರೆ. ಜಾತಿ ಕೇಳಿದವರಿಗೆ ಮಾತ್ರ ಎರಡನೇ ಅವಕಾಶ ಇಲ್ಲ. ಇದರಿಂದ ನನಗೆ ನಷ್ಟ ಆಗಿದೆಯಾ? ಆಗಿದೆ. ಬಾಡಿಗೆ ಕಟ್ಟಲು ಕಷ್ಟಪಟ್ಟ ತಿಂಗಳೂ ಇದೆ. ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುವುದಿಲ್ಲ, ಅವರವರ ಮನೆ ಪರಿಸ್ಥಿತಿ ಅವರವರಿಗೆ ಗೊತ್ತು. ಆದರೆ ನೀವು ಹಾಗೆ ಮಾಡಿದರೆ ನಿಮ್ಮ ಪರವಾಗಿ ಇಲ್ಲೊಬ್ಬಳು ಇದ್ದಾಳೆ.

– ಪೆಡಿಕ್ಯೂರ್ ಕೆಲಸ ಮಾಡುವವರು, ಕಲಬುರಗಿ

*

ನನ್ನ ತಂಗಿಯೂ ಇದೇ ಕೆಲಸ ಮಾಡುತ್ತಾಳೆ. ಮುಖದ ಮೇಲೆ ಹೇಳಲು ಅವಳಿಗೂ ಬಾಯಿ ಬರುವುದಿಲ್ಲ, ಅದಕ್ಕೆ ನಾನು ಒಂದು ವಾಟ್ಸ್ಆ್ಯಪ್ ಮೆಸೇಜ್ ಬರೆದುಕೊಟ್ಟೆ. ಬುಕ್ ಮಾಡಿದವರಿಗೆಲ್ಲ ಅದನ್ನೇ ಕಳಿಸುತ್ತಾಳೆ. ಬೇಕಾದರೆ ನೀವೂ ಬಳಸಿ, ರೇಟು ನಿಮ್ಮದು ಹಾಕಿಕೊಳ್ಳಿ.

‘ನಮಸ್ಕಾರ ಮೇಡಂ. ಶನಿವಾರ 11 ಗಂಟೆಗೆ ನಿಮ್ಮ ಹೆಸರು ಬರೆದುಕೊಂಡಿದ್ದೇನೆ. ಅಡ್ವಾನ್ಸ್ 200 ಕಳಿಸಿದರೆ ಪಕ್ಕಾ, ಬಿಲ್ಲಿನಲ್ಲಿ ಕಳೆಯುತ್ತೇನೆ. ಬೇಕಾದ ಡಿಸೈನ್ ಚಿತ್ರ ಇವತ್ತೇ ಕಳಿಸಿ, ಎಷ್ಟಾಗುತ್ತದೆ ಅಂತ ಮುಂಚೆ ಹೇಳುತ್ತೇನೆ. ಹಳೆಯ ಉಗುರು ತೆಗೆಯುವುದಿದ್ದರೆ ಅದಕ್ಕೆ 300 ಬೇರೆ, ಅರ್ಧ ಗಂಟೆ ಜಾಸ್ತಿ. ಕೈಗೆ ಎಣ್ಣೆ, ಕ್ರೀಮ್ ಹಚ್ಚದೆ ಬನ್ನಿ. ಉಗುರಿನಲ್ಲಿ ನೋವು, ತುರಿಕೆ, ಗಾಯ ಇದ್ದರೆ ಈಗಲೇ ತಿಳಿಸಿ. 15 ನಿಮಿಷಕ್ಕಿಂತ ತಡವಾದರೆ ಡಿಸೈನ್ ಕಮ್ಮಿ ಮಾಡಬೇಕಾಗುತ್ತದೆ. ಐದು ದಿನದೊಳಗೆ ನಮ್ಮ ಕೆಲಸದಿಂದ ಉಗುರು ಎದ್ದರೆ ಫ್ರೀಯಾಗಿ ಸರಿ ಮಾಡುತ್ತೇನೆ, ನೀವೇ ಕೀಳಬೇಡಿ, ಫೋಟೊ ಕಳಿಸಿ.’

ಇದನ್ನು ಓದದೆ ಬರೀ ಹೆಬ್ಬೆರಳು ಒತ್ತಿ ಕಳಿಸುವವರೂ ಇದ್ದಾರೆ. ಅವರಿಗೆ ಬಂದ ಮೇಲೆ ತಂಗಿ ಇದನ್ನೇ ಗಟ್ಟಿಯಾಗಿ ಓದಿ ಹೇಳುತ್ತಾಳೆ.

– ಓದುಗರು, ಮಂಡ್ಯ